ಕಾರು ಕಂಪನಿ ಕೇಳಿದ ಸಾರೋಟು

1930ರಲ್ಲಿ ಅಮೆರಿಕದ ಒಂದು ಕಾರು ಕಂಪನಿ ಆ ದೇಶದ ಹುಡುಗರಿಗೆಲ್ಲ ಒಂದು ಸವಾಲು ಹಾಕಿತು. ಕಾರು ಮಾಡಿ ಅಂತಲ್ಲ, ಕುದುರೆ ಸಾರೋಟು ಮಾಡಿ ಕಳಿಸಿ ಅಂತ. ಅದೂ ನೆಪೋಲಿಯನ್ ಕಾಲದ ರಾಜವೈಭವದ ಸಾರೋಟು, ಉದ್ದ ಮಾತ್ರ ಒಂದಡಿಗಿಂತ ಸ್ವಲ್ಪ ಕಡಿಮೆ. ಎಲ್ಲರಿಗಿಂತ ಚೆನ್ನಾಗಿ ಮಾಡಿದ ನಾಲ್ಕು ಹುಡುಗರಿಗೆ ತಲಾ 5,000 ಡಾಲರ್ ಕಾಲೇಜು ಸ್ಕಾಲರ್‌ಶಿಪ್.

5,000 ಡಾಲರ್ ಅಂದ್ರೆ ಎಷ್ಟು ಅಂತ ಅಂದಾಜು ಬೇಕಲ್ಲ? ಆಗ ಒಂದು ಹೊಸ ಶೆವ್ರೊಲೆ ಕಾರು ಸಾವಿರ ಡಾಲರಿಗಿಂತ ಕಡಿಮೆಗೇ ಸಿಗುತ್ತಿತ್ತು. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಷೇರುಪೇಟೆ ಮುಗ್ಗರಿಸಿ ಬಿದ್ದಿತ್ತು. ಅಪ್ಪನ ಕೆಲಸ ಹೋದ ಮನೆಗಳಲ್ಲಿ ಕಾಲೇಜಿನ ಮಾತೇ ನಿಂತುಹೋಗಿತ್ತು. ಅಂಥ ಹೊತ್ತಿನಲ್ಲಿ ಚಾಕು, ಉಳಿ, ಒಂದಿಷ್ಟು ಮರದ ತುಂಡು ಇದ್ದರೆ ಎಂಜಿನಿಯರ್ ಆಗಬಹುದು ಅಂತ ಒಬ್ಬರು ಹೇಳಿದರೆ ಯಾವ ಹುಡುಗ ಸುಮ್ಮನಿರುತ್ತಾನೆ ಹೇಳಿ?

ಸ್ಪರ್ಧೆಯ ಹೆಸರು ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್. 1930ರಿಂದ 1968ರವರೆಗೆ ನಡೆಯಿತು, ನಡುವೆ ಎರಡನೇ ಮಹಾಯುದ್ಧದ ಹೊತ್ತಿಗೆ ಬಿಡುವು. ಸ್ಕೇಲ್ ಮಾಡೆಲ್ ಮಾಡುವ ಹವ್ಯಾಸ ಇರುವ ನನ್ನಂಥವರು ಈ ಹೆಸರನ್ನ ಸ್ವಲ್ಪ ಭಕ್ತಿಯಿಂದಲೇ ಹೇಳ್ತೀವಿ. ಆದರೆ ಇದರ ಕಥೆ ಬರೀ ಹವ್ಯಾಸದ್ದಲ್ಲ. ಒಂದು ದೊಡ್ಡ ಕಂಪನಿ ಪ್ರತಿಭೆಯನ್ನ ಹೇಗೆ ಹುಡುಕುತ್ತೆ, ಯಾರನ್ನ ಕರೆಯುತ್ತೆ, ಯಾರನ್ನ ಕರೆಯೋದೇ ಇಲ್ಲ ಅನ್ನೋದರ ಕಥೆ. ಐಟಿಯಲ್ಲಿ ಕೆಲಸ ಮಾಡುವ ನಮಗೆಲ್ಲ ಇದು ಪರಿಚಯದ ಕಥೆಯೇ.

ಮೊದಲು, ಸಾರೋಟೇ ಯಾಕೆ ಅನ್ನೋದು.

ಒಹಾಯೊ ರಾಜ್ಯದ ನಾರ್ವಾಕ್ ಅನ್ನೋ ಊರಲ್ಲಿ ಲಾರೆನ್ಸ್ ಫಿಶರ್ ಅಂತ ಒಬ್ಬ ಕಮ್ಮಾರ ಇದ್ದ, ಕುದುರೆಗಾಡಿ ಮಾಡುತ್ತಿದ್ದ. ಅವನಿಗೆ ಏಳು ಗಂಡುಮಕ್ಕಳು. ಅವರು ಒಬ್ಬರ ಹಿಂದೆ ಒಬ್ಬರು ಡೆಟ್ರಾಯಿಟ್ ಸೇರಿದರು. 1908ರಲ್ಲಿ ಫಿಶರ್ ಬಾಡಿ ಕಂಪನಿ ಶುರುವಾಯಿತು. ಇವರ ಕೆಲಸ ಪೂರ್ತಿ ಕಾರು ಮಾಡೋದಲ್ಲ, ಕಾರಿನ ಮೈ ಮಾತ್ರ: ಚೌಕಟ್ಟು, ಬಾಗಿಲು, ಸೀಟು, ಚಾವಣಿ. ಗಾಡಿ ಮಾಡುವ ವಿದ್ಯೆಯನ್ನೇ ಕಾರಿಗೆ ಹಾಕಿದರು. 1919ರಲ್ಲಿ ಜನರಲ್ ಮೋಟಾರ್ಸ್ ಇದರ ಶೇ. 60 ಪಾಲು ಕೊಂಡಿತು, 1926ರಲ್ಲಿ ಉಳಿದದ್ದನ್ನೂ. ಹಳೆಯ ಅಮೆರಿಕನ್ ಕಾರುಗಳ ಬಾಗಿಲ ಕೆಳಗೆ 'ಬಾಡಿ ಬೈ ಫಿಶರ್' ಅಂತ ಒಂದು ಸಣ್ಣ ತಗಡು ಇರುತ್ತಿತ್ತಲ್ಲ, ಅದು ಇವರದೇ. ಅದರ ಮೇಲಿದ್ದ ಚಿತ್ರವೇ ಈ ಸಾರೋಟು. 1804ರಲ್ಲಿ ನೆಪೋಲಿಯನ್ ಪಟ್ಟಾಭಿಷೇಕಕ್ಕೆ ಹೋದ ಸಾರೋಟು, 1810ರಲ್ಲಿ ಅವನ ಮದುವೆಗೆ ಬಳಸಿದ ಸಾರೋಟು, ಎರಡನ್ನೂ ಬೆರೆಸಿ ಬರೆದ ಚಿತ್ರ ಅದು.

ಅಂದ್ರೆ ಹುಡುಗರಿಗೆ ಕೊಟ್ಟ ಹೋಮ್‌ವರ್ಕ್ ಕಂಪನಿಯ ಲೋಗೋನೇ! ಸಾವಿರಾರು ಮನೆಗಳ ಊಟದ ಮೇಜಿನ ಮೇಲೆ, ತಿಂಗಳುಗಟ್ಟಲೆ, ಮಗನ ಕೈಯಿಂದಲೇ ಲೋಗೋ ಕೆತ್ತಿಸಿದ ಹಾಗಾಯಿತು. ಯಾವ ಜಾಹೀರಾತಿಗೆ ಇಷ್ಟು ತಾಕತ್ತಿದೆ? ಇದನ್ನ ಯೋಚಿಸಿದವರು ಪಕ್ಕಾ ವ್ಯಾಪಾರಸ್ಥರು, ಅದರಲ್ಲಿ ಅನುಮಾನ ಬೇಡ.

ಆದರೆ ಕೆಲಸ ಮಾತ್ರ ತಮಾಷೆಯದಲ್ಲ. ನಾನು ರಾತ್ರಿ ಹೊತ್ತು ಪ್ಲಾಸ್ಟಿಕ್ ಕಿಟ್ ಜೋಡಿಸುವವನು. ಅಂಗಡಿಯಿಂದ 1:24 ಅಳತೆಯ ಕಾರಿನ ಡಬ್ಬಿ ತರ್ತೀನಿ. ಒಳಗೆ ಎಲ್ಲ ಭಾಗಗಳೂ ಅಚ್ಚಿನಲ್ಲಿ ಎರಕವಾಗಿ ಬಂದಿರುತ್ತವೆ. ಕತ್ತರಿಸಬೇಕು, ಅಂಟಿಸಬೇಕು, ಉಪ್ಪುಕಾಗದ ತಿಕ್ಕಬೇಕು, ಬಣ್ಣ ಹೊಡೀಬೇಕು. ಇಷ್ಟಕ್ಕೇ ನನಗೆ ಎರಡು ಮೂರು ತಿಂಗಳು ಹಿಡಿಯುತ್ತೆ. 1930ರ ಆ ಹುಡುಗರಿಗೆ ಡಬ್ಬಿ ಇರಲಿಲ್ಲ. ಬರೀ ನಕ್ಷೆ ಮತ್ತು ಸೂಚನೆ. ಚಕ್ರದ ಒಂದೊಂದು ಅರೆಕಾಲನ್ನೂ ತಾವೇ ಕೆತ್ತಬೇಕು. ಮೈಮೇಲಿನ ಬಳ್ಳಿ, ಹೂವು, ಕಿರೀಟ ಎಲ್ಲ ತಾವೇ ಕೊರೆಯಬೇಕು, ಇಲ್ಲವೇ ಲೋಹ ಕರಗಿಸಿ ಎರಕ ಹೊಯ್ಯಬೇಕು. ಬಾಗಿಲು ನಿಜಕ್ಕೂ ತೆರೆಯಬೇಕು. ಒಳಗೆ ಬಟ್ಟೆ ಹೊದಿಸಿದ ಮೆತ್ತೆ ಇರಬೇಕು. ಮರಗೆಲಸ, ಲೋಹದ ಕೆಲಸ, ಹೊಲಿಗೆ, ಬಣ್ಣ — ನಾಲ್ಕು ಕಸುಬು ಒಬ್ಬನೇ ಹುಡುಗನ ಕೈಯಲ್ಲಿ. ವಯಸ್ಸು 12ರಿಂದ 19. ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. ನೂರಾರು ಗಂಟೆ ಅಂತೂ ಕಡ್ಡಾಯ, ಸಾವಿರ ಗಂಟೆ ದಾಟಿಸಿದವರೂ ಇದ್ದರು.

ಬಾಯ್ ಸ್ಕೌಟ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೇನಿಯಲ್ ಕಾರ್ಟರ್ ಬಿಯರ್ಡ್ ಅವರನ್ನ ಗಿಲ್ಡ್‌ನ ಗೌರವಾಧ್ಯಕ್ಷರನ್ನಾಗಿ ಮಾಡಿಕೊಂಡರು. ಶಾಲೆಗಳ ಮೂಲಕ ಹುಡುಗರನ್ನ ಸೇರಿಸಿದರು. ಹೆಸರು ಬರೆಸಿದವರು ಲಕ್ಷಗಟ್ಟಲೆ, ಪೂರ್ತಿ ಮಾಡಿ ಕಳಿಸಿದವರು ಅದರಲ್ಲಿ ಒಂದು ಸಣ್ಣ ಪಾಲು. ಆನ್‌ಲೈನ್ ಕೋರ್ಸಿಗೆ ಸೇರಿ ಮೂರನೇ ವಿಡಿಯೊಗೆ ಕೈಬಿಟ್ಟವರಿಗೆ ಈ ಲೆಕ್ಕ ವಿವರಿಸೋ ಅಗತ್ಯ ಇಲ್ಲ ಅನ್ಕೋತೀನಿ.

1931ರಲ್ಲಿ ಮೊದಲ ನಾಲ್ವರು ಗೆದ್ದರು. ಅವರಲ್ಲಿ ಒಬ್ಬ ಡೊನಾಲ್ಡ್ ಬರ್ನ್‌ಹ್ಯಾಮ್. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, ಜನರಲ್ ಮೋಟಾರ್ಸ್‌ನಲ್ಲಿ ದುಡಿದು, ಆಮೇಲೆ ವೆಸ್ಟಿಂಗ್‌ಹೌಸ್ ಸೇರಿ 1963ರಲ್ಲಿ ಅದರ ಮುಖ್ಯಸ್ಥನೇ ಆದ. ಸಾರೋಟು ಕೆತ್ತಿದ ಕೈ ಅಮೆರಿಕದ ಅತಿ ದೊಡ್ಡ ವಿದ್ಯುತ್ ಯಂತ್ರಗಳ ಕಂಪನಿಗಳಲ್ಲೊಂದನ್ನ ನಡೆಸಿತು. ಸ್ಪರ್ಧೆಯ ಪೋಸ್ಟರಿಗೆ ಇದಕ್ಕಿಂತ ಒಳ್ಳೆ ಕಥೆ ಬೇಕಾ?

ಈಗ ಪೋಸ್ಟರಿನಲ್ಲಿ ಹಾಕದ ಕಥೆಗೆ ಬರೋಣ.

ಗಿಲ್ಡ್ ಹೇಳುತ್ತಿದ್ದ ಮಾತು ಇದು: ಕೈಕಸುಬು ಮಾಯವಾಗುತ್ತಿದೆ, ಹೊಸ ತಲೆಮಾರಿಗೆ ಅದನ್ನ ಉಳಿಸಿ ಕೊಡಬೇಕು. ಮಾತು ಸರಿಯೇ. ಆದರೆ ಆ ಕಸುಬನ್ನ ಕಾರ್ಖಾನೆಯಿಂದ ಹೊರಗೆ ಹಾಕುತ್ತಿದ್ದವರೂ ಇವರೇ. ಅಲ್ಲಿವರೆಗೆ ಕಾರಿನ ಮೈ ಅಂದ್ರೆ ಒಳಗೆ ಮರದ ಚೌಕಟ್ಟು, ಮೇಲೆ ಉಕ್ಕಿನ ಹಾಳೆ, ಚಾವಣಿಯ ನಡುಭಾಗಕ್ಕೆ ಬಟ್ಟೆ. 1935ರ ಮಾಡೆಲ್‌ಗಳಿಗೆ ಫಿಶರ್ ಬಾಡಿ 'ಟರೆಟ್ ಟಾಪ್' ತಂದಿತು: ಪೂರ್ತಿ ಚಾವಣಿ ಒಂದೇ ಉಕ್ಕಿನ ಹಾಳೆ, ದೊಡ್ಡ ಪ್ರೆಸ್ಸಿನಲ್ಲಿ ಒಂದೇ ಏಟಿಗೆ ಒತ್ತಿ ತೆಗೆದದ್ದು. ಕಾರು ಗಟ್ಟಿಯಾಯಿತು, ಮಳೆ ಸೋರೋದು ನಿಂತಿತು, ಬೇಗ ತಯಾರಾಯಿತು. ಬಡಗಿಯ ಕೆಲಸ ಕಡಿಮೆಯಾಗುತ್ತ ಹೋಯಿತು. ಮನೆಯಲ್ಲಿ ಮಗ ಫಿಶರ್ ಕಂಪನಿಗೋಸ್ಕರ ಮರ ಕೆತ್ತುತ್ತಿದ್ದ, ಫಿಶರ್ ಕಂಪನಿಗೆ ಮರ ಕೆತ್ತುವವನೇ ಬೇಡವಾಗುತ್ತಿದ್ದ.

ಇನ್ನೂ ಮುಂದೆ ಕೇಳಿ. ಮಿಶಿಗನ್ ರಾಜ್ಯದ ಫ್ಲಿಂಟ್ ಊರಲ್ಲಿ 1936ರ ಡಿಸೆಂಬರ್ 30ರಂದು ಕಾರ್ಮಿಕರು ಯಂತ್ರ ನಿಲ್ಲಿಸಿ ಒಳಗೇ ಕೂತುಬಿಟ್ಟರು. ಹೊರಗೆ ಹೋಗಿ ಘೋಷಣೆ ಕೂಗಿದ್ದರೆ ಬೇರೆಯವರನ್ನ ತಂದು ಕೆಲಸ ಮಾಡಿಸುತ್ತಿದ್ದರು. ಒಳಗೇ ಕೂತರೆ ಏನು ಮಾಡ್ತಾರೆ? ಅಮೆರಿಕದ ಕಾರ್ಮಿಕ ಚರಿತ್ರೆಯಲ್ಲಿ ಹೆಸರಾದ ಫ್ಲಿಂಟ್ ಸಿಟ್-ಡೌನ್ ಮುಷ್ಕರ ಇದು. ಅಸೆಂಬ್ಲಿ ಲೈನಿನ ವೇಗ ಮೈಮುರಿಯುವಷ್ಟಾಗಿದೆ ಅನ್ನೋದು ಅವರ ದೊಡ್ಡ ದೂರು. ಮುಷ್ಕರ 44 ದಿನ ನಡೆದು 1937ರ ಫೆಬ್ರುವರಿ 11ಕ್ಕೆ ಮುಗಿಯಿತು, ಜನರಲ್ ಮೋಟಾರ್ಸ್ ಯೂನಿಯನ್ನನ್ನ ಒಪ್ಪಿಕೊಳ್ಳಲೇಬೇಕಾಯಿತು. ಆ ದಿನಗಳ ಒಂದು ಪ್ರಸಿದ್ಧ ಫೋಟೊ ಇದೆ: ಇನ್ನೂ ಕಾರಿಗೆ ಜೋಡಿಸದ ಸೀಟುಗಳ ಮೇಲೆ ಕಾರ್ಮಿಕರು ಆರಾಮಾಗಿ ಕೂತು ಪೇಪರ್ ಓದುತ್ತಿದ್ದಾರೆ.

ಆ ಮುಷ್ಕರ ಶುರುವಾದ ಕಾರ್ಖಾನೆಗಳ ಹೆಸರು ಏನು ಗೊತ್ತಾ? ಫಿಶರ್ ಬಾಡಿ ಪ್ಲಾಂಟ್ ನಂಬರ್ 1 ಮತ್ತು ಪ್ಲಾಂಟ್ ನಂಬರ್ 2. ಹುಡುಗರ ಕನಸಿನಲ್ಲಿದ್ದ ಫಿಶರ್ರೂ ಇದೇ, ಅವರ ಅಪ್ಪಂದಿರ ಸೊಂಟ ಮುರಿದ ಫಿಶರ್ರೂ ಇದೇ. ಒಂದು ಕಂಪನಿ ಮಕ್ಕಳಿಗೆ ಒಂದು ಮುಖ, ದುಡಿಯುವವರಿಗೆ ಇನ್ನೊಂದು ಮುಖ ತೋರಿಸೋದು ಹೊಸದಲ್ಲ. ಕ್ಯಾಂಪಸ್ಸಿಗೆ ಬಂದಾಗಿನ ಪಿಪಿಟಿಗೂ ಅಪ್ರೈಸಲ್ ಮೀಟಿಂಗಿಗೂ ಇರೋ ದೂರ ನಮಗೂ ಗೊತ್ತಲ್ಲ. ಹಾಗಂತ ಗಿಲ್ಡ್ ಬರೀ ಮೋಸ ಅಂತ ಕೈತೊಳೆದುಕೊಳ್ಳೋಕೂ ಆಗಲ್ಲ. ಬರ್ನ್‌ಹ್ಯಾಮ್‌ಗೆ ಸಿಕ್ಕ ಓದು ನಿಜ, 5,000 ಡಾಲರ್ ನಿಜ. ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ನೋಡಬೇಕು.

ಮುಷ್ಕರ ಮುಗಿದ 1937ರಲ್ಲೇ ಸ್ಪರ್ಧೆಯಲ್ಲೂ ಒಂದು ಬದಲಾವಣೆ ಆಯಿತು. ಸಾರೋಟಿನ ಪಕ್ಕದಲ್ಲಿ ಇನ್ನೊಂದು ವಿಭಾಗ: ನಿಮ್ಮದೇ ಕಲ್ಪನೆಯ ಕಾರನ್ನ ಡಿಸೈನ್ ಮಾಡಿ, ಅದರ ಮಾಡೆಲ್ ಮಾಡಿ. 1940ರ ದಶಕ ಮುಗಿಯುವಷ್ಟರಲ್ಲಿ ಸಾರೋಟು ಪೂರ್ತಿ ಹಿಂದೆ ಸರಿದು ಕಾರೊಂದೇ ಉಳಿಯಿತು.

ನನ್ನ ಲೆಕ್ಕದಲ್ಲಿ ಇಡೀ ಕಥೆಯ ತಿರುವು ಇದೇ. ಸಾರೋಟು ಕೇಳಿದ ಪ್ರಶ್ನೆ: 'ಇದನ್ನ ಇದ್ದ ಹಾಗೇ ಮಾಡ್ತೀಯಾ?' ಕಾರು ಕೇಳಿದ ಪ್ರಶ್ನೆ: 'ಇಲ್ಲದೇ ಇರೋದನ್ನ ಮಾಡ್ತೀಯಾ?' ಮೊದಲನೆಯದಕ್ಕೆ ಉತ್ತರ ನಕ್ಷೆಯಲ್ಲೇ ಇದೆ. ತೀರ್ಪುಗಾರ ಅಳತೆಪಟ್ಟಿ ಇಟ್ಟು ನೋಡಬಹುದು. ಎರಡನೆಯದಕ್ಕೆ ನಕ್ಷೆಯೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಲಿಂಕ್ಡ್ ಲಿಸ್ಟ್ ತಿರುಗಿಸುವ ಇಂಟರ್‌ವ್ಯೂ, ಇನ್ನೊಂದು ಸಿಸ್ಟಮ್ ಡಿಸೈನ್ ರೌಂಡ್. ಮೊದಲನೆಯದರಲ್ಲಿ ಬಡವನ ಮಗನಿಗೂ ನ್ಯಾಯ ಸಿಗೋದು ಸುಲಭ, ಯಾಕಂದ್ರೆ ಸರಿ ತಪ್ಪು ಕಣ್ಣಿಗೆ ಕಾಣುತ್ತೆ. ಎರಡನೆಯದರಲ್ಲಿ ಎದುರಿಗೆ ಕೂತವರ ಅಭಿರುಚಿಯೂ ಲೆಕ್ಕಕ್ಕೆ ಬರುತ್ತೆ. ಅದೇ ಹೊತ್ತಿಗೆ, ಹೊಸದನ್ನ ಯೋಚಿಸುವವನು ಸಿಗೋದೂ ಎರಡನೆಯದರಲ್ಲೇ.

ಆದರೆ ಯೋಚನೆ ಒಂದೇ ಸಾಲುತ್ತಿರಲಿಲ್ಲ. ಗಿಲ್ಡ್ ಬರೀ ಚಿತ್ರ ಕೇಳಲಿಲ್ಲ, 1:12 ಅಳತೆಯ ಗಟ್ಟಿ ಮಾಡೆಲ್ ಕೇಳಿತು. ಐದು ಮೀಟರ್ ಉದ್ದದ ಕಾರು ಅಂದ್ರೆ ಸುಮಾರು 42 ಸೆಂಟಿಮೀಟರ್. ಹುಡುಗ ಮೊದಲು ಕಾಗದದ ಮೇಲೆ ಪಕ್ಕದಿಂದ, ಮುಂದಿನಿಂದ, ಮೇಲಿನಿಂದ ಕಾಣುವ ಹಾಗೆ ಚಿತ್ರ ಬರೀಬೇಕು. ಜೇಡಿಯಲ್ಲಿ ಆಕಾರ ಮಾಡಿ ನೋಡಬೇಕು. ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು, ಅದನ್ನ ಇಟ್ಟು ಇಟ್ಟು ಮರದ ದಿಮ್ಮಿಯನ್ನ ಕೆತ್ತಬೇಕು. ಆಮೇಲೆ ಬಣ್ಣ: ಒಂದು ಕೋಟ್, ನೀರು ಹಾಕಿ ಉಪ್ಪುಕಾಗದ, ಇನ್ನೊಂದು ಕೋಟ್, ಮತ್ತೆ ಉಪ್ಪುಕಾಗದ, ಕನ್ನಡಿಯಂತೆ ಹೊಳೆಯುವ ತನಕ. ಬಂಪರು, ಗ್ರಿಲ್ಲು ಹಿತ್ತಾಳೆಯಲ್ಲಿ ಅರ ಹಾಕಿ ಉಜ್ಜಿ ಮಾಡಬೇಕು. ಕಾಗದದಲ್ಲಿ ಸುಂದರವಾಗಿ ಕಂಡ ಗೆರೆ ಮರದಲ್ಲಿ ಎರಡೂ ಬದಿ ಒಂದೇ ಥರ ಬರೋದು ಎಷ್ಟು ಕಷ್ಟ ಅಂತ ಒಮ್ಮೆ ಮಾಡಿದವರಿಗೆ ಮಾತ್ರ ಗೊತ್ತು. ಈಗಲೂ ಮಾಡೆಲ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮೊದಲು ನೋಡೋದು ಬಣ್ಣದ ಚೆಂದ ಅಲ್ಲ. ಎರಡು ಭಾಗ ಸೇರಿದ ಕಡೆ ಗೆರೆ ಕಾಣ್ತಿದೆಯಾ, ಅಂಟು ಹೊರಗೆ ಬಂದಿದೆಯಾ, ನಾಲ್ಕೂ ಚಕ್ರ ನೆಲ ಮುಟ್ಟುತ್ತಿದೆಯಾ. ಎಷ್ಟೋ ಕಾರುಗಳು ಅಲ್ಲೇ ಸೋಲ್ತವೆ: ಮೂರು ಚಕ್ರ ನೆಲದ ಮೇಲೆ, ಒಂದು ಗಾಳಿಯಲ್ಲಿ.

1947ರಲ್ಲಿ ಈ ಪರೀಕ್ಷೆ ಗೆದ್ದವನು ಕ್ಯಾಲಿಫೋರ್ನಿಯಾದ ಚಕ್ ಜೋರ್ಡನ್. ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. 1949ರಲ್ಲಿ ಓದು ಮುಗಿಸಿ ಸೀದಾ ಜನರಲ್ ಮೋಟಾರ್ಸ್‌ನ ಡಿಸೈನ್ ವಿಭಾಗ ಸೇರಿದ. 1950ರ ದಶಕ ಮುಗಿಯುವ ಹೊತ್ತಿಗೆ, ಮೂವತ್ತರ ಆಸುಪಾಸಿನಲ್ಲೇ, ಕ್ಯಾಡಿಲಾಕ್ ಸ್ಟುಡಿಯೊ ಅವನ ಕೈಯಲ್ಲಿತ್ತು. ರೆಕ್ಕೆ ಎತ್ತಿಕೊಂಡು ನಿಂತ ಕಾರುಗಳ ಕಾಲ ಅದು. 1986ರಿಂದ 1992ರವರೆಗೆ ಇಡೀ ಕಂಪನಿಯ ಡಿಸೈನ್ ವಿಭಾಗದ ಉಪಾಧ್ಯಕ್ಷ. ಹಾರ್ಲಿ ಅರ್ಲ್ 1927ರಲ್ಲಿ ಕಟ್ಟಿದ ವಿಭಾಗದ ನಾಲ್ಕನೇ ಯಜಮಾನ. ಅವನೊಬ್ಬನೇ ಅಲ್ಲ, ಗಿಲ್ಡ್‌ನಿಂದ ಬಂದ ಇನ್ನೂ ಎಷ್ಟೋ ಹುಡುಗರು ಡೆಟ್ರಾಯಿಟ್‌ನ ಸ್ಟುಡಿಯೊಗಳಲ್ಲಿ ಕೆಲಸಕ್ಕೆ ಸೇರಿದರು. ಕಂಪನಿಗೆ ಬೇಕಾಗಿದ್ದು ಹುಡುಗರು ಮಾಡಿದ ಕಾರಲ್ಲ, ಅದನ್ನ ಮಾಡಿ ಮುಗಿಸಿದ ಹುಡುಗರು. ರೆಸ್ಯೂಮೆ ನೋಡಿ, ಮಾತು ಕೇಳಿ ಆರಿಸೋದಕ್ಕಿಂತ ಇದು ಎಷ್ಟೋ ವಾಸಿ ಅನ್ನಿಸುತ್ತೆ ನನಗೆ. ತಿಂಗಳುಗಟ್ಟಲೆ ಒಬ್ಬನೇ ಕೂತು, ಯಾರೂ ಡೆಡ್‌ಲೈನ್ ನೆನಪಿಸದೆ, ಒಂದು ಕೆಲಸ ಮುಗಿಸಿದವನ ಬಗ್ಗೆ ಇನ್ನೇನು ಕೇಳೋದಿದೆ?

ಈಗ ಮೇಲಿನ ಪ್ಯಾರಾಗಳನ್ನ ಇನ್ನೊಮ್ಮೆ ಓದಿ. ಹುಡುಗ, ಹುಡುಗ, ಹುಡುಗ. ನಾನು ಬರೆಯುವ ಅಭ್ಯಾಸಕ್ಕೆ ಬಿದ್ದು ಹಾಗೆ ಬರೆದದ್ದಲ್ಲ. ನಿಯಮವೇ ಹಾಗಿತ್ತು. 38 ವರ್ಷಗಳ ಉದ್ದಕ್ಕೂ ಗಿಲ್ಡ್ ಹುಡುಗರಿಗೆ ಮಾತ್ರ. ಸಾರೋಟಿನ ಒಳಗಿನ ಹೊಲಿಗೆ, ಮೆತ್ತೆಯ ಕೆಲಸವನ್ನ ಅದೇ ಮನೆಯ ಅಕ್ಕ ತಂಗಿ ಇನ್ನೂ ನಾಜೂಕಾಗಿ ಮಾಡಬಲ್ಲವರಾಗಿದ್ದರೂ ಅವರ ಹೆಸರಲ್ಲಿ ಒಂದು ಅರ್ಜಿ ಹೋಗುವ ಹಾಗಿರಲಿಲ್ಲ.

ಹೆಣ್ಣುಮಕ್ಕಳಿಗೆ ಈ ಕೆಲಸ ಬರುತ್ತಿರಲಿಲ್ಲವಾ? 1950ರ ದಶಕದಲ್ಲಿ ಹಾರ್ಲಿ ಅರ್ಲ್ ತನ್ನ ವಿಭಾಗಕ್ಕೆ ಕೆಲವು ಮಹಿಳಾ ಡಿಸೈನರುಗಳನ್ನ ಸೇರಿಸಿಕೊಂಡ. ಪ್ರಚಾರಕ್ಕೆ ಅವರನ್ನ 'ಡ್ಯಾಮ್ಸೆಲ್ಸ್ ಆಫ್ ಡಿಸೈನ್' ಅಂತ ಕರೆದರು, ಕನ್ನಡದಲ್ಲಿ 'ಡಿಸೈನ್ ಕನ್ಯಾಮಣಿಗಳು' ಅಂದ ಹಾಗೆ. ಹೆಚ್ಚಿನವರಿಗೆ ಕೊಟ್ಟದ್ದು ಕಾರಿನ ಒಳಗಿನ ಕೆಲಸ: ಸೀಟು, ಬಟ್ಟೆ, ಬಣ್ಣ. ಅವರಲ್ಲಿ ಒಬ್ಬಳಾದ ರೂತ್ ಗ್ಲೆನಿ 1958ರಲ್ಲಿ 'ಫ್ಯಾನ್ಸಿ ಫ್ರೀ' ಅನ್ನೋ ಕಾರ್ವೆಟ್ ಕಾರು ಮಾಡಿದಳು. ಸುಝನ್ ವ್ಯಾಂಡರ್‌ಬಿಲ್ಟ್ ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ದುಡಿದಳು. ಇವರ್ಯಾರಿಗೂ ಹದಿಮೂರನೇ ವಯಸ್ಸಿಗೆ 'ನೀನೂ ಒಂದು ಕಾರು ಮಾಡಿ ಕಳಿಸು' ಅಂತ ಕಾಗದ ಬಂದಿರಲಿಲ್ಲ. ಅದೇ ಕಟ್ಟಡದಲ್ಲಿ ಕೂತ ಗಂಡಸರಲ್ಲಿ ಎಷ್ಟೋ ಜನಕ್ಕೆ ಬಂದಿತ್ತು. ದಾರಿ ಶುರುವಾಗೋದು ಆಫೀಸಿನ ಬಾಗಿಲಲ್ಲಿ ಅಲ್ಲ, ಬಹಳ ಹಿಂದೆ, ಶಾಲೆಯ ಗೋಡೆಗೆ ಅಂಟಿಸಿದ ಒಂದು ಪೋಸ್ಟರಿನಲ್ಲಿ.

ಈ ಪೋಸ್ಟರಿನ ವಿಷಯ ನನಗೆ ಇನ್ನೊಂದು ಕಾರಣಕ್ಕೂ ತಟ್ಟುತ್ತೆ. ನಮ್ಮೂರಲ್ಲಿ ಹವಾಯಿ ಚಪ್ಪಲಿ ಸವೆದರೆ ಎಸೀತಿರಲಿಲ್ಲ. ಅದನ್ನ ದುಂಡಗೆ ಕತ್ತರಿಸಿದರೆ ಲಾರಿ ಚಕ್ರ. ಎಣ್ಣೆ ಡಬ್ಬಿಯ ತಗಡು ಬಾಡಿಗೆ, ಕೊಡೆಯ ಕಡ್ಡಿ ಅಚ್ಚಿಗೆ. ನನಗಿಂತ ಎರಡು ವರ್ಷ ದೊಡ್ಡವನೊಬ್ಬ ಮಾಡಿದ ಲಾರಿಗೆ ಹಿಂದಿನ ಬಾಗಿಲು ಕೀಲಿನ ಮೇಲೆ ಬೀಳುತ್ತಿತ್ತು, ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರ ತಿರುಗುತ್ತಿತ್ತು. ಇಂಥ ಕೈ ಇದ್ದ ಹುಡುಗರು, ಗಾರೆ ಸಾರಿಸಿದ ಜಗಲಿಯ ಮೇಲೆ ಬೆರಳಲ್ಲೇ ರಥದ ಚಿತ್ರ ತಿದ್ದುತ್ತಿದ್ದ ಹುಡುಗಿಯರು ಪ್ರತಿ ಊರಲ್ಲೂ ಇದ್ದರು, ಇದ್ದಾರೆ. ಅವರಿಗೆ ಕಡಿಮೆ ಇದ್ದದ್ದು ಕಳಿಸೋಕೆ ಒಂದು ವಿಳಾಸ. ನಾನು ಬಿಇ ಮುಗಿಸುವ ತನಕ ಕಾರಿನ ಆಕಾರ ಬರೆಯೋದೂ ಒಂದು ಕೆಲಸ, ಅದಕ್ಕೂ ಸಂಬಳ ಕೊಡ್ತಾರೆ ಅಂತ ನಮ್ಮ ಸುತ್ತಮುತ್ತ ಯಾರೂ ಹೇಳಿದ್ದು ಕೇಳಿಲ್ಲ. ಗಿಲ್ಡ್‌ನ ನಿಜವಾದ ಬೆಲೆ ನನಗೆ ಕಾಣೋದು ಇಲ್ಲಿ. ಗೆದ್ದ ಕೆಲವರಿಗೆ ಅದು ದುಡ್ಡು ಕೊಟ್ಟಿತು. ಹೆಸರು ಬರೆಸಿದ ಲಕ್ಷಾಂತರ ಜನಕ್ಕೆ ಇಂಥದೊಂದು ಕೆಲಸ ಜಗತ್ತಿನಲ್ಲಿ ಇದೆ ಅನ್ನೋ ಸುದ್ದಿ ಕೊಟ್ಟಿತು.

ಕೊನೆ ಹೇಗಾಯಿತು ಅಂದ್ರೆ, ಸದ್ದಿಲ್ಲದೆ. 1950ರ ದಶಕದಲ್ಲಿ ಪ್ಲಾಸ್ಟಿಕ್ ಕಿಟ್ ಬಂದವು. 1958ರಲ್ಲಿ ಎಎಂಟಿ ಕಂಪನಿ ಒಂದೇ ಡಬ್ಬಿಯಲ್ಲಿ ಮೂರು ಥರ ಜೋಡಿಸಬಹುದಾದ 1:25 ಅಳತೆಯ ಕಾರು ತಂದಿತು. ಸಾವಿರ ಗಂಟೆ ಕೆತ್ತುವ ಬದಲು ಎರಡು ಭಾನುವಾರ ಕೂತರೆ ಕೈಯಲ್ಲಿ ಕಾರು. 1963ರಲ್ಲಿ ಬ್ರಿಟನ್ನಿನಲ್ಲಿ ಪ್ಲಾಸ್ಟಿಕ್ ಮಾಡೆಲ್ ಮಾಡುವವರ ಸಂಘ, ಐಪಿಎಂಎಸ್, ಹುಟ್ಟಿತು. ಮರುವರ್ಷ ಅಮೆರಿಕದಲ್ಲೂ ಅದರ ಶಾಖೆ ಬಂತು. ಹವ್ಯಾಸದವರು ತಮ್ಮ ಸ್ಪರ್ಧೆಯನ್ನ ತಾವೇ ನಡೆಸಿಕೊಳ್ಳತೊಡಗಿದರು. ಅಲ್ಲಿ ಗೆದ್ದರೆ ಸಿಗೋದು ಸ್ಕಾಲರ್‌ಶಿಪ್ ಅಲ್ಲ, ಒಂದು ಫಲಕ, ಮತ್ತೆ ಗೊತ್ತಿರುವವರಿಂದ ಒಂದು ಮೆಚ್ಚುಗೆ. 1968ರಲ್ಲಿ ಗಿಲ್ಡ್ ಮುಚ್ಚಿತು. 1984ರಲ್ಲಿ ಜನರಲ್ ಮೋಟಾರ್ಸ್ ತನ್ನ ವಿಭಾಗಗಳನ್ನ ಹೊಸದಾಗಿ ಜೋಡಿಸಿದಾಗ ಫಿಶರ್ ಬಾಡಿ ಅನ್ನೋ ಪ್ರತ್ಯೇಕ ವಿಭಾಗವೂ ಇಲ್ಲವಾಯಿತು.

ಹುಡುಗರು ಮಾಡಿದ ಕೆಲವು ಮಾಡೆಲ್‌ಗಳು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿವೆ. ಲೋಗೋ ಹೊತ್ತ ಕಾರುಗಳು ತುಕ್ಕು ಹಿಡಿದು ಗುಜರಿಗೆ ಹೋದವು, ಆ ಲೋಗೋ ನೋಡಿ ಒಬ್ಬ ಹುಡುಗ ಕೆತ್ತಿದ ಸಾರೋಟು ಗಾಜಿನ ಪೆಟ್ಟಿಗೆಯಲ್ಲಿ ಉಳಿಯಿತು.

ಇವತ್ತು ನಮ್ಮ ಕಂಪನಿಗಳು ಹ್ಯಾಕಥಾನ್ ಮಾಡುತ್ತವೆ. 24 ಗಂಟೆ, ಪಿಜ್ಜಾ, ಟೀ ಶರ್ಟು. ತಪ್ಪೇನಿಲ್ಲ, ನಾನೂ ಹೋಗ್ತೀನಿ. ಆದರೆ ಅದಕ್ಕೆ ಬರುವವರು ಆಗಲೇ ಬಾಗಿಲ ಒಳಗಿರುವವರು. ಗಿಲ್ಡ್‌ನಿಂದ ಎರವಲು ಪಡೆಯಬೇಕಾದ್ದು ಅದರ ನಿಧಾನವನ್ನ ಮತ್ತು ಅದರ ವಿಳಾಸವನ್ನ: ಒಂದು ವರ್ಷದ ಸಮಯ ಕೊಟ್ಟು, ಪಟ್ಟಣ ಕಾಣದ ಶಾಲೆಯ ಗೋಡೆಗೂ ಹೋಗಿ ಅಂಟುವ ಒಂದು ಪೋಸ್ಟರು. ಬಿಡಬೇಕಾದ್ದನ್ನೂ ಅದೇ ಕಥೆ ಹೇಳಿಕೊಟ್ಟಿದೆ. ಪೋಸ್ಟರಿನಲ್ಲಿ 'ಹುಡುಗರಿಗೆ ಮಾತ್ರ' ಅಂತ ಇರಬಾರದು, ಮಕ್ಕಳಿಗೆ ಬಹುಮಾನ ಕೊಡುವ ಕಂಪನಿ ಅವರ ಅಪ್ಪ ಅಮ್ಮಂದಿರನ್ನ ಅಸೆಂಬ್ಲಿ ಲೈನಿನಲ್ಲಿ ಅರೆಯುತ್ತಿರಬಾರದು. ಇಷ್ಟು ಮಾಡೋಕೆ ನೆಪೋಲಿಯನ್ನನ ಖಜಾನೆ ಏನೂ ಬೇಕಾಗಲ್ಲ.